ಸಾನೂರಿನಲ್ಲಿ ಒಂದು ಉಗಾದಿ

ಬಾಲಿಗೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಒಂದು ಫೋಟೋ ನೋಡಿ. ನೀಲಿ ನೀರು, ಬಿಳಿ ಮರಳು, ತೆಂಗಿನ ಸಾಲು, ದೂರದಲ್ಲಿ ಮಂಜಿನ ಮೇಲೆ ತೇಲುತ್ತಿರುವಂತೆ ಕಾಣುವ ಒಂದು ಜ್ವಾಲಾಮುಖಿ ಪರ್ವತ. "ಅಪ್ಪಾ, ಇಷ್ಟು ದುಡ್ಡಿಗೆ ಗೋವಾದಲ್ಲೂ ಇಂಥ ರೂಮು ಸಿಗಲ್ಲ" ಎಂದಳು ಮಗಳು. ನಾನು ಇಪ್ಪತ್ತೆರಡು ವರ್ಷಗಳಿಂದ ಇತಿಹಾಸದ ಮೇಷ್ಟ್ರು. ವಸಾಹತುಶಾಹಿ ಎಂದರೇನು ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸುವವನು. ಆ ಫೋಟೋ ನೋಡಿದಾಗ ನನ್ನ ತಲೆಯಲ್ಲಿ ಬಂದ ಪ್ರಶ್ನೆ ಮಾತ್ರ ಒಂದೇ: ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೋ, ಇಲ್ಲವೋ?

2023ರ ಮಾರ್ಚ್ ತಿಂಗಳು. ಉಗಾದಿಯ ಹೊತ್ತಿಗೆ ಮನೆ ಬಿಟ್ಟು ಹೋಗುವುದು ಅಮ್ಮನಿಗೆ ಒಪ್ಪಿಗೆಯಿರಲಿಲ್ಲ. "ಹಬ್ಬದ ದಿನ ದೇವರ ಮುಂದೆ ದೀಪ ಹಚ್ಚದೆ ಯಾವ ಸಮುದ್ರ ನೋಡೋದೋ" ಎಂದು ಗೊಣಗಿದಳು. ಕೊನೆಗೆ ಒಣಗಿಸಿದ ಬೇವಿನ ಹೂವು ಮತ್ತು ಪುಡಿ ಬೆಲ್ಲವನ್ನು ಪುಟ್ಟ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ತಾನೂ ಹೊರಟಳು. ಸಿಂಗಪುರದಲ್ಲಿ ವಿಮಾನ ಬದಲಿಸಿ ದೆನ್ಪಸಾರ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಪೂರ್ವ ಕರಾವಳಿಯ ಸಾನೂರ್ ಎಂಬ ಊರಿನ ರೆಸಾರ್ಟ್ ತಲುಪಿದೆವು. ಫೋಟೋ ಸುಳ್ಳು ಹೇಳಿರಲಿಲ್ಲ. ನೀರು ಅಷ್ಟೇ ನೀಲಿಯಾಗಿತ್ತು.

ಕೀಲಿಕೈ ಕೊಡುವಾಗ ಕೌಂಟರಿನ ಹುಡುಗಿ ಒಂದು ಹಾಳೆಯನ್ನೂ ಕೊಟ್ಟಳು. 22ರ ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಯಾರೂ ರೆಸಾರ್ಟಿನ ಗೇಟು ದಾಟುವಂತಿಲ್ಲ. ಕಡಲತೀರಕ್ಕೂ ಇಳಿಯುವಂತಿಲ್ಲ. ರಾತ್ರಿ ಪರದೆ ಎಳೆದಿರಬೇಕು, ಬೆಳಕು ಹೊರಗೆ ಬೀಳಬಾರದು. ವಿಮಾನ ನಿಲ್ದಾಣವೂ ಇಪ್ಪತ್ನಾಲ್ಕು ಗಂಟೆ ಮುಚ್ಚಿರುತ್ತದೆ. ಅದು ನ್ಯೆಪಿ, ಬಾಲಿಯ ಹೊಸ ವರ್ಷದ ದಿನ. ಬೆಂಕಿ ಹಚ್ಚಬಾರದು, ಕೆಲಸ ಮಾಡಬಾರದು, ಪ್ರಯಾಣ ಮಾಡಬಾರದು, ಮೋಜು ಮಾಡಬಾರದು ಎಂಬ ನಾಲ್ಕು ಕಟ್ಟುಪಾಡುಗಳ ಮೌನದ ಹಬ್ಬ.

"ಉಗಾದಿ ದಿನ ಕರ್ಫ್ಯೂನಾ?" ಎಂದಳು ಅಮ್ಮ.

ನಾನು ಹಾಳೆಯ ಮೇಲ್ಭಾಗ ನೋಡುತ್ತಿದ್ದೆ. ಅಲ್ಲಿ ವರ್ಷದ ಸಂಖ್ಯೆ ಇತ್ತು: ಶಕ 1945. ನಮ್ಮ ಮನೆಯ ಗೋಡೆಯ ಪಂಚಾಂಗದಲ್ಲಿ ಅದೇ ದಿನ ಶಾಲಿವಾಹನ ಶಕ 1945 ಶುರುವಾಗುತ್ತಿತ್ತು. ಅಧಿಕಮಾಸದ ಲೆಕ್ಕ ಬೇರೆಯಾದ್ದರಿಂದ ಪ್ರತಿ ವರ್ಷವೂ ನ್ಯೆಪಿ ಮತ್ತು ಉಗಾದಿ ಹೀಗೆ ಒಂದಾಗುವುದಿಲ್ಲ. ಆ ವರ್ಷ ಒಂದಾಗಿತ್ತು. ಸಮುದ್ರ ದಾಟಿ ಬಂದರೂ ಉಗಾದಿ ನಮ್ಮನ್ನು ಬಿಟ್ಟಿರಲಿಲ್ಲ.

ಸಾನೂರಿನಲ್ಲಿ ಶಕವರ್ಷಕ್ಕೆ ಬಹಳ ಹಳೆಯ ಸಾಕ್ಷಿ ಇದೆ. ರೆಸಾರ್ಟಿನಿಂದ ಆಟೋದಷ್ಟು ದೂರದಲ್ಲಿ ಬ್ಲಂಜೋಂಗ್ ಎಂಬ ದೇವಸ್ಥಾನವಿದೆ. ಅದರ ಆವರಣದಲ್ಲಿ ಆಳೆತ್ತರದ ಒಂದು ಕಲ್ಲಿನ ಕಂಬ. ಶ್ರೀ ಕೇಸರಿ ವರ್ಮದೇವ ಎಂಬ ರಾಜ ತನ್ನ ಶತ್ರುಗಳನ್ನು ಗೆದ್ದ ನೆನಪಿಗೆ ನಿಲ್ಲಿಸಿದ್ದು. ಅದರ ಮೇಲೆ ಹಳೆಯ ಬಾಲಿ ಭಾಷೆಯ ಬರಹ ನಾಗರಿಯ ಒಂದು ಪ್ರಾಚೀನ ರೂಪದಲ್ಲಿಯೂ, ಸಂಸ್ಕೃತದ ಬರಹ ಕವಿ ಲಿಪಿಯಲ್ಲಿಯೂ ಇವೆ. ಕವಿ ಲಿಪಿಯ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ವರ್ಷವನ್ನು ಅಂಕಿಯಲ್ಲಿ ಹೇಳದೆ ಶರ, ವಹ್ನಿ, ಮೂರ್ತಿ ಎಂಬ ಪದಗಳಲ್ಲಿ ಹೇಳಿದ್ದಾರೆ. ನಮ್ಮ ಶಾಸನಗಳನ್ನು ಓದಿದವರಿಗೆ ಈ ಆಟ ಗೊತ್ತು. ಶರ ಎಂದರೆ ಮನ್ಮಥನ ಬಾಣ, ಐದು. ವಹ್ನಿ ಎಂದರೆ ಬೆಂಕಿ, ಮೂರು. ಮೂರ್ತಿ ಎಂದರೆ ಶಿವನ ಅಷ್ಟಮೂರ್ತಿ, ಎಂಟು. ಬಲದಿಂದ ಎಡಕ್ಕೆ ಓದಿದರೆ ಶಕ 835, ಫಾಲ್ಗುಣ ಮಾಸ. ಅಂದರೆ ಕ್ರಿ.ಶ. 914. ಇತ್ತ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಮೂರನೆಯ ಇಂದ್ರ ಪಟ್ಟವೇರಿದ ವರ್ಷ.

ಕಂಬದ ಮುಂದೆ ನಿಂತಾಗ ನನಗಾದದ್ದು ಹೆಮ್ಮೆಯೇ, ಸುಳ್ಳು ಹೇಳುವುದಿಲ್ಲ. ಇದು ಭಾರತೀಯ ಪ್ರವಾಸಿಗೆ ಬಾಲಿಯಲ್ಲಿ ಹತ್ತುವ ಮೊದಲ ಅಮಲು. ರಸ್ತೆಯ ತಿರುವಿನಲ್ಲಿ ಭೀಮ, ವಿಮಾನ ನಿಲ್ದಾಣದ ದಾರಿಯಲ್ಲಿ ಘಟೋತ್ಕಚ, ಸಂಜೆಯಾದರೆ ಕೆಚಕ್ ನೃತ್ಯದಲ್ಲಿ ರಾಮಾಯಣ. ಎಲ್ಲವೂ ನಮ್ಮದೇ, ಇವರು ಕಾಪಾಡಿಕೊಂಡಿದ್ದಾರೆ ಎಂದು ಹೇಳಿಕೊಂಡು ತಿರುಗುತ್ತೇವೆ. ಆದರೆ ನೂರು ಜನ ಗಂಡಸರು ಚಕ್-ಚಕ್ ಎಂದು ಕೂಗುವ ಆ ಕೆಚಕ್ ಈಗಿನ ರೂಪ ಪಡೆದದ್ದು 1930ರ ದಶಕದಲ್ಲಿ. ಮೈಮೇಲೆ ದೇವತೆ ಬರಿಸುವ ಒಂದು ಆಚರಣೆಯ ಮೇಳಗಾನವನ್ನು ತೆಗೆದುಕೊಂಡು, ಅದಕ್ಕೆ ರಾಮಾಯಣದ ಕಥೆ ಜೋಡಿಸಿದವರು ಬಾಲಿಯ ನರ್ತಕರು ಮತ್ತು ಅಲ್ಲಿ ನೆಲೆಸಿದ್ದ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರ. ನೋಡುವವರು ಪ್ರವಾಸಿಗಳು. ನಮ್ಮದು ಎಂದು ನಾವು ಗುರುತಿಸಿದ್ದು ಪ್ರವಾಸಿಗಾಗಿಯೇ ಹೊಸೆದದ್ದು. ಇದು ಗೊತ್ತಾದ ಮೇಲೆ ಉಳಿದದ್ದನ್ನೂ ಕೊಂಚ ಎಚ್ಚರದಿಂದ ನೋಡತೊಡಗಿದೆ.

ಹಬ್ಬಕ್ಕೆ ಮೂರು ದಿನ ಮೊದಲು ಕಡಲತೀರದಲ್ಲಿ ಮೆಲಸ್ತಿ ನಡೆಯಿತು. ದೇವಸ್ಥಾನಗಳ ಪವಿತ್ರ ವಸ್ತುಗಳನ್ನು ಸಮುದ್ರದ ನೀರಿನಿಂದ ಶುದ್ಧಿ ಮಾಡುವ ಆಚರಣೆ. ಊರೂರಿನಿಂದ ಜನ ಮೆರವಣಿಗೆಯಲ್ಲಿ ಬಂದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬಿಳಿ ಬಟ್ಟೆಯಲ್ಲಿ. ಹಳದಿ-ಬಿಳಿ ಛತ್ರಿಗಳು, ಪಲ್ಲಕ್ಕಿಗಳು, ಕಂಚಿನ ವಾದ್ಯಗಳ ಸದ್ದು. ರೆಸಾರ್ಟಿನ ಆರಾಮ ಕುರ್ಚಿಗಳಿಂದ ಎದ್ದು ನಾವೆಲ್ಲ ಫೋಟೋ ತೆಗೆಯುತ್ತಿದ್ದೆವು. ಅಮ್ಮ ಮಾತ್ರ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಳು.

ನಮ್ಮನ್ನು ಅಲ್ಲಿ ಇಲ್ಲಿ ಸುತ್ತಿಸುತ್ತಿದ್ದ ಕಾರಿನ ಚಾಲಕರು ಪಕ್ಕದಲ್ಲಿದ್ದರು. ಮಗಳು ಅವರನ್ನು 'ಬ್ಲಿ' ಎಂದು ಕರೆಯಲು ಕಲಿತಿದ್ದಳು. ಬಾಲಿ ಭಾಷೆಯಲ್ಲಿ ಬ್ಲಿ ಎಂದರೆ ಅಣ್ಣ. ಅವರು ಸಮುದ್ರದ ಕಡೆ ಕೈ ತೋರಿಸಿ ಮುರುಕು ಇಂಗ್ಲಿಷಿನಲ್ಲಿ ಹೇಳಿದರು: "ಡಚ್ಚರು ಬಂದದ್ದೂ ಇಲ್ಲಿಗೇ. ಅವತ್ತೂ ಜನ ಬಿಳಿ ಬಟ್ಟೆಯಲ್ಲೇ ಇದ್ದರು."

ಪುಸ್ತಕಗಳಲ್ಲಿ ಓದಿದ್ದು ಯಾವುದೋ ಮೂಲೆಯಿಂದ ಎದ್ದು ಬಂತು. ನಾನು ಫೋನನ್ನು ಜೇಬಿಗೆ ಹಾಕಿದೆ.

ಸಾನೂರಿನ ಸಮುದ್ರ ಶಾಂತ. ತೀರದಿಂದ ಸ್ವಲ್ಪ ದೂರದಲ್ಲಿ ಹವಳದ ದಿಬ್ಬವೊಂದು ಉದ್ದಕ್ಕೂ ಗೋಡೆಯಂತೆ ಹಬ್ಬಿದೆ. ದೊಡ್ಡ ಅಲೆಗಳು ಅದಕ್ಕೇ ಬಡಿದು ಒಡೆದುಹೋಗುತ್ತವೆ. ಇತ್ತ ಸೊಂಟದ ಮಟ್ಟದ ತಿಳಿನೀರು. ಮಕ್ಕಳೂ ಮುದುಕರೂ ಧೈರ್ಯವಾಗಿ ಇಳಿಯಬಹುದು. ಸಾನೂರಿಗೆ ರೆಸಾರ್ಟುಗಳು ಬರಲು ಅದೂ ಒಂದು ಕಾರಣ. ಆದರೆ ಹಡಗಿನವರಿಗೆ ಅದೇ ದಿಬ್ಬ ಯಮ. 1904ರ ಮೇ ತಿಂಗಳಲ್ಲಿ ಬಂಜರ್ಮಸಿನ್‌ನ ಚೀನೀ ವ್ಯಾಪಾರಿಯೊಬ್ಬನ, ಡಚ್ ಬಾವುಟ ಹಾರಿಸಿದ್ದ 'ಶ್ರೀ ಕುಮಲಾ' ಎಂಬ ಹಾಯಿಹಡಗು ಈ ದಿಬ್ಬಕ್ಕೆ ಸಿಕ್ಕಿ ಒಡೆಯಿತು. ಹಡಗಿನಲ್ಲಿದ್ದ ಬೆಳ್ಳಿ ನಾಣ್ಯಗಳನ್ನು ಸಾನೂರಿನವರು ದೋಚಿದರು ಎಂದು ಮಾಲೀಕ ಡಚ್ ಸರಕಾರಕ್ಕೆ ದೂರು ಕೊಟ್ಟ.

ದಿಬ್ಬಕ್ಕೆ ಸಿಕ್ಕಿ ಒಡೆದ ಹಡಗಿನ ಸರಕು ಆ ತೀರದ ರಾಜನಿಗೆ ಸೇರಬೇಕು ಎಂಬುದು ಬಾಲಿಯ ಹಳೆಯ ಪದ್ಧತಿ. ಅದಕ್ಕೆ ತಾವನ್ ಕರಂಗ್ ಎಂದು ಹೆಸರು. ಇದು ಬಾಲಿಯವರ ವಿಚಿತ್ರ ಕಾನೂನೇನಲ್ಲ. ನಮ್ಮ ತೀರಗಳಲ್ಲೂ ಇತ್ತು. ಕಾಕತೀಯ ಗಣಪತಿದೇವ 1244ರಲ್ಲಿ ಮೋಟುಪಲ್ಲಿಯಲ್ಲಿ ಶಾಸನ ಹಾಕಿಸಿ, ಬಿರುಗಾಳಿಗೆ ಸಿಕ್ಕ ಹಡಗುಗಳ ಸರಕನ್ನು ಹಿಂದಿನ ರಾಜರಂತೆ ತಾನು ಕಿತ್ತುಕೊಳ್ಳುವುದಿಲ್ಲ, ನ್ಯಾಯವಾದ ಸುಂಕ ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ವರ್ತಕರಿಗೆ ಅಭಯ ಕೊಟ್ಟದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ಬಾಲಿಯ ರಾಜರೂ 1840ರ ದಶಕದ ಒಪ್ಪಂದಗಳಲ್ಲಿ ಆ ಹಕ್ಕು ಬಿಟ್ಟುಕೊಡುವುದಾಗಿ ಡಚ್ಚರಿಗೆ ಮಾತು ಕೊಟ್ಟಿದ್ದರು. ಈ ಸಲದ ಜಗಳ ಬೇರೆ. ಬದುಂಗ್ ರಾಜ್ಯದ ದೊರೆ ಇ ಗುಸ್ತಿ ಙುರಾ ಮಡೆ ಅಗುಂಗ್ ವಿಚಾರಣೆ ಮಾಡಿಸಿದ. ಸಾನೂರಿನ ಜನ ತಾವು ಕದ್ದಿಲ್ಲವೆಂದು ಪ್ರಮಾಣ ಮಾಡಿದರು. ಡಚ್ಚರು ಕೇಳಿದ ಪರಿಹಾರ 7,500 ಗಿಲ್ಡರ್. ರಾಜನಿಗೆ ಅದು ಕಟ್ಟಲಾಗದ ಮೊತ್ತವಲ್ಲ. ಕಟ್ಟಿದರೆ ತನ್ನ ಪ್ರಜೆಗಳು ಕಳ್ಳರೆಂದು ಒಪ್ಪಿಕೊಂಡಂತೆ. ಅವನು ಕಟ್ಟಲಿಲ್ಲ.

ಡಚ್ಚರಿಗೂ ನಾಣ್ಯ ಮುಖ್ಯವಾಗಿರಲಿಲ್ಲ. ಉತ್ತರ ಬಾಲಿ 1849ರಲ್ಲೇ ಅವರ ಕೈ ಸೇರಿತ್ತು. ಪಕ್ಕದ ಲೊಂಬೊಕ್ ದ್ವೀಪ 1894ರಲ್ಲಿ ಬಿದ್ದಿತ್ತು. ಉಳಿದದ್ದು ದಕ್ಷಿಣ ಬಾಲಿಯ ರಾಜ್ಯಗಳು. ನೆಪಗಳು ಬೇಕಿದ್ದವು, ಸಿಗುತ್ತಲೂ ಇದ್ದವು. 1903ರಲ್ಲಿ ತಬನಾನ್ ರಾಜ ತೀರಿಕೊಂಡಾಗ ಅವನ ವಿಧವೆಯರು ಚಿತೆ ಏರಿದ್ದರು. ಯುರೋಪಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಬಾಲಿಯ ಅರಮನೆಗಳನ್ನು ದೇವಲೋಕ ಮಾಡುವ ಅಗತ್ಯ ನನಗಿಲ್ಲ. ಸಾಲ ತೀರಿಸಲಾರದವರನ್ನು, ಯುದ್ಧದಲ್ಲಿ ಸಿಕ್ಕವರನ್ನು ಗುಲಾಮರಾಗಿ ಬಟೇವಿಯಾಕ್ಕೆ ಮಾರಿ ಆ ಅರಮನೆಗಳು ಬಹಳ ಕಾಲ ಶ್ರೀಮಂತವಾಗಿದ್ದವು. ಆ ಗುಲಾಮರನ್ನು ಕೊಂಡವರಲ್ಲಿ ಡಚ್ಚರೇ ಇದ್ದರು ಎಂಬುದನ್ನೂ ಸೇರಿಸಿ ಹೇಳಬೇಕು, ಅಷ್ಟೆ.

1906ರ ಸೆಪ್ಟೆಂಬರ್ 14ರಂದು ಡಚ್ ಸೈನ್ಯ ಸಾನೂರಿನ ತೀರದಲ್ಲಿ ಇಳಿಯಿತು. ಪಕ್ಕದ ಇಂತಾರಾನ್ ಹಳ್ಳಿಯಲ್ಲಿ ಕೊಂಚ ಪ್ರತಿರೋಧ ಎದುರಾಯಿತು. ಯುದ್ಧನೌಕೆಗಳು ಸಮುದ್ರದಿಂದಲೇ ದೆನ್ಪಸಾರ್ ಮೇಲೆ ಗುಂಡಿನ ಮಳೆ ಸುರಿಸಿದವು. 20ರ ಬೆಳಿಗ್ಗೆ ಸೈನ್ಯ ರಾಜಧಾನಿಯತ್ತ ಹೊರಟಿತು. ಸಾನೂರಿನಿಂದ ಅದು ಆರೇಳು ಕಿಲೋಮೀಟರ್. ಈಗ ಕಾರಿನಲ್ಲಿ ಇಪ್ಪತ್ತು ನಿಮಿಷ.

ಅರಮನೆಯ ಹತ್ತಿರ ಬಂದಾಗ ಡೋಲಿನ ಸದ್ದು ಕೇಳುತ್ತಿತ್ತು, ಒಳಗಿಂದ ಹೊಗೆ ಏಳುತ್ತಿತ್ತು. ಆಮೇಲೆ ಬಾಗಿಲು ತೆರೆದು ಮೆರವಣಿಗೆ ಹೊರಬಂತು. ಮುಂದೆ ಪಲ್ಲಕ್ಕಿಯಲ್ಲಿ ರಾಜ. ಹಿಂದೆ ರಾಣಿಯರು, ಮಕ್ಕಳು, ಪುರೋಹಿತರು, ಆಳುಗಳು. ಎಲ್ಲರೂ ಶವಸಂಸ್ಕಾರದ ಬಿಳಿ ಬಟ್ಟೆ ಉಟ್ಟಿದ್ದರು, ಒಡವೆ ತೊಟ್ಟಿದ್ದರು. ಕೈಯಲ್ಲಿ ಕ್ರಿಸ್ ಎಂಬ ಅಂಕುಡೊಂಕು ಅಲಗಿನ ಕಠಾರಿ. ಸೈನ್ಯದಿಂದ ನೂರು ಹೆಜ್ಜೆಯಷ್ಟು ದೂರದಲ್ಲಿ ಪಲ್ಲಕ್ಕಿ ನಿಂತಿತು. ರಾಜ ಇಳಿದ. ಸನ್ನೆ ಮಾಡಿದ. ಪುರೋಹಿತ ಅವನ ಎದೆಗೆ ಕಠಾರಿ ಇಳಿಸಿದ. ಉಳಿದವರು ತಮ್ಮನ್ನು, ತಮ್ಮವರನ್ನು ತಿವಿದುಕೊಳ್ಳುತ್ತ ಬಂದೂಕುಗಳತ್ತ ನುಗ್ಗಿದರು. ಹೆಂಗಸರು ಒಡವೆಗಳನ್ನೂ ಚಿನ್ನದ ನಾಣ್ಯಗಳನ್ನೂ ಸಿಪಾಯಿಗಳ ಮೇಲೆ ಎಸೆದರು. ಬೆಳ್ಳಿ ನಾಣ್ಯಕ್ಕಾಗಿ ಬಂದವರಲ್ಲವೇ, ತೆಗೆದುಕೊಳ್ಳಿ ಎನ್ನುವ ಹಾಗೆ. ಸೈನಿಕರು ಗುಂಡು ಹಾರಿಸುತ್ತಲೇ ಇದ್ದರು. ಅದೇ ದಿನ ಹತ್ತಿರದ ಪೆಮೆಚುತಾನ್ ಅರಮನೆಯಲ್ಲೂ ಹೀಗೇ ಆಯಿತು. ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಸಾವಿರಕ್ಕೂ ಹೆಚ್ಚು ಎಂಬುದು ಹಲವರು ಒಪ್ಪುವ ಅಂದಾಜು. ಡಚ್ಚರ ಕಡೆ ಸತ್ತವರು ಬೆರಳೆಣಿಕೆಯಷ್ಟು. ಸತ್ತ ರಾಜ ಕವಿಯೂ ಆಗಿದ್ದ.

ಇದಕ್ಕೆ ಬಾಲಿಯವರು ಪುಪುತಾನ್ ಎನ್ನುತ್ತಾರೆ. ಪುಪುತ್ ಎಂದರೆ ಮುಗಿಯುವುದು. ಸೋಲುವುದು ಖಚಿತವಾದಾಗ ಶರಣಾಗದೆ ಎಲ್ಲವನ್ನೂ ಅಲ್ಲಿಗೇ ಮುಗಿಸಿಬಿಡುವುದು. ಎರಡು ವರ್ಷಗಳ ನಂತರ, 1908ರ ಏಪ್ರಿಲ್‌ನಲ್ಲಿ, ಕ್ಲುಂಗ್ಕುಂಗ್ ಅರಮನೆಯ ಮುಂದೆಯೂ ಪುಪುತಾನ್ ನಡೆಯಿತು. ಅಲ್ಲಿಗೆ ಇಡೀ ದ್ವೀಪ ಡಚ್ಚರದ್ದಾಯಿತು.

ಮರುದಿನ ನಾವು ದೆನ್ಪಸಾರ್‌ನ ಪುಪುತಾನ್ ಮೈದಾನಕ್ಕೆ ಹೋದೆವು. ಈಗದು ನಗರದ ಮಧ್ಯದ ಹಸಿರು ಮೈದಾನ. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ಒಂದು ಮೂಲೆಯಲ್ಲಿ ಕಂಚಿನ ಸ್ಮಾರಕ: ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರು ಮಕ್ಕಳು, ಕೈಯಲ್ಲಿ ಆಯುಧ. ಹೆಂಗಸಿನ ಇನ್ನೊಂದು ಕೈಯಲ್ಲಿ ಒಡವೆಗಳು. ನನ್ನ ಹೆಂಡತಿ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. "ಮಕ್ಕಳನ್ನ ಯಾಕ್ರೀ ಕರೆದುಕೊಂಡು ಹೋದರು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಾಠದಲ್ಲಿ ನಾವು ಇಂಥದ್ದಕ್ಕೆ ಆತ್ಮಗೌರವ ಎಂಬ ಒಂದೇ ಪದ ಬರೆಸಿ ಮುಂದೆ ಹೋಗುತ್ತೇವೆ. ಆ ಮಕ್ಕಳನ್ನು ಯಾರೂ ಕೇಳಿರಲಿಕ್ಕಿಲ್ಲ ಎಂಬುದು ನಿಜ. ಬಂದೂಕು ಹಿಡಿದು ನೂರು ಹೆಜ್ಜೆ ದೂರದಲ್ಲಿ ನಿಂತವರು ನಿಲ್ಲಿಸಬಹುದಿತ್ತು ಎಂಬುದೂ ಅಷ್ಟೇ ನಿಜ.

ಆ ಮೈದಾನದಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಹೋಟೆಲ್ ಇದೆ. 1928ರಲ್ಲಿ ಶುರುವಾದ ಬಾಲಿ ಹೋಟೆಲ್. ಕಟ್ಟಿಸಿದ್ದು ಕೆ.ಪಿ.ಎಂ. ಎಂಬ ಡಚ್ ಹಡಗು ಕಂಪನಿ. ಪುಪುತಾನ್‌ಗೂ ಈ ಹೋಟೆಲಿಗೂ ನಡುವೆ ಇಪ್ಪತ್ತೆರಡೇ ವರ್ಷ. ನನ್ನ ಮೇಷ್ಟ್ರುಗಿರಿಯಷ್ಟು ಅವಧಿ. ಸ್ವರ್ಗದಂಥ ದ್ವೀಪ ಎಂಬ ಮಾತು ಹುಟ್ಟಿದ್ದು ಈ ನಡುವಿನ ಕಾಲದಲ್ಲಿ.

ಅದು ಹೀಗಾಯಿತು. ಹತ್ಯೆಗಳ ಸುದ್ದಿ ಯುರೋಪಿಗೆ ಮುಟ್ಟಿದಾಗ ಡಚ್ ಸರಕಾರಕ್ಕೆ ಮುಖಭಂಗವಾಯಿತು. ತಾವು ನಾಗರಿಕತೆಯ ಪಾಲಕರು ಎಂದು ತೋರಿಸಿಕೊಳ್ಳಬೇಕಾಯಿತು. ಬಾಲಿಯ ಸಂಸ್ಕೃತಿಯನ್ನು ಹೊರಗಿನ ಗಾಳಿ ಸೋಕದಂತೆ ಕಾಪಾಡುತ್ತೇವೆ ಎಂದರು. 1914ರ ಹೊತ್ತಿಗೆ ಬಟೇವಿಯಾದ ಪ್ರವಾಸಿ ಕಚೇರಿಯ ಜಾಹೀರಾತುಗಳಲ್ಲಿ ಬಾಲಿ ಕಾಣಿಸಿಕೊಂಡಿತು. ಬಂಗ್ಲಿಯಲ್ಲಿ ವೈದ್ಯನಾಗಿದ್ದ ಗ್ರೆಗೋರ್ ಕ್ರೌಸೆ ಎಂಬ ಜರ್ಮನ್ 1920ರಲ್ಲಿ ಬಾಲಿಯ ಜನರ ಫೋಟೋಗಳ ಪುಸ್ತಕ ತಂದ. ಮೇಲುಹೊದಿಕೆಯಿಲ್ಲದ ಹೆಂಗಸರ ಆ ಚಿತ್ರಗಳು ಯುರೋಪಿನಲ್ಲಿ ಕೈಯಿಂದ ಕೈಗೆ ಹೋದವು. ಒಂದು ಫೋಟೋ ನೋಡಿ ಬಾಲಿಗೆ ಹೊರಟವರಲ್ಲಿ ನಮ್ಮ ಕುಟುಂಬ ಮೊದಲನೆಯದಲ್ಲ.

ಬರುವವರನ್ನು ತಂದದ್ದು ಕೆ.ಪಿ.ಎಂ. ಹಡಗುಗಳು. ಬಾಲಿಯಿಂದ ಸಿಂಗಪುರಕ್ಕೆ ಹಂದಿ, ಕೊಬ್ಬರಿ ಸಾಗಿಸುವ ಹಡಗುಗಳವು. ಜನ ಅದನ್ನು ಹಂದಿ ಎಕ್ಸ್‌ಪ್ರೆಸ್ ಎನ್ನುತ್ತಿದ್ದರು. ಪ್ರವಾಸಿಗಳು ಉತ್ತರದ ಸಿಂಗರಾಜದಲ್ಲಿ ಇಳಿದು, ಕಾರಿನಲ್ಲಿ ದ್ವೀಪ ದಾಟಿ, ಎರಡು ಮೂರು ದಿನ ನೃತ್ಯ, ದೇವಸ್ಥಾನ, ಜ್ವಾಲಾಮುಖಿ ನೋಡಿ, ಮತ್ತೆ ಹಡಗು ಹತ್ತುತ್ತಿದ್ದರು. ಕಾರು ಓಡಿದ ಆ ರಸ್ತೆಗಳನ್ನು ಮಾಡಿದವರು ಹಳ್ಳಿಯವರು, ಬಿಟ್ಟಿ ದುಡಿಮೆಯಲ್ಲಿ. 1924ರಲ್ಲಿ ದಾಖಲಾದ ಪ್ರವಾಸಿಗಳ ಸಂಖ್ಯೆ 213. 1929ರಲ್ಲಿ 1,428. ಕೊರೋನಾಕ್ಕೆ ಮುಂಚಿನ 2019ರಲ್ಲಿ ವಿದೇಶಿ ಪ್ರವಾಸಿಗಳೇ 60 ಲಕ್ಷ ದಾಟಿದ್ದರು. ಇತ್ತೀಚಿನ ವರ್ಷಗಳಲ್ಲಿ ಆಸ್ಟ್ರೇಲಿಯನ್ನರನ್ನು ಬಿಟ್ಟರೆ ಭಾರತೀಯರೇ ಮುಂದೆ.

ಸ್ವರ್ಗದ ಫೋಟೋದಲ್ಲಿ ಸುಂದರವಾಗಿ ನಿಲ್ಲುವ ಜ್ವಾಲಾಮುಖಿಗಳೂ ಈ ಕಾಲದಲ್ಲಿ ಸುಮ್ಮನಿರಲಿಲ್ಲ. 1917ರಲ್ಲಿ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 1926ರಲ್ಲಿ ಬಾತೂರ್ ಪರ್ವತದ ಲಾವಾ ಅದೇ ಹೆಸರಿನ ಹಳ್ಳಿಯನ್ನು ನುಂಗಿತು. ಹಳ್ಳಿಯವರು ತಮ್ಮ ದೇವಸ್ಥಾನವನ್ನು ಬಾಯಿಯ ಅಂಚಿನ ಮೇಲಕ್ಕೆ ಸಾಗಿಸಿ ಅಲ್ಲಿ ಮತ್ತೆ ಕಟ್ಟಿದರು. 3,000 ಮೀಟರಿಗೂ ಎತ್ತರದ ಅಗುಂಗ್ ಪರ್ವತ 1963ರಲ್ಲಿ ಸಿಡಿಯಿತು. ಆಗ ಅದರ ಇಳಿಜಾರಿನ ಬೆಸಾಕಿ ದೇವಸ್ಥಾನದಲ್ಲಿ ಏಕಾದಶ ರುದ್ರ ಎಂಬ ಮಹಾಪೂಜೆ ನಡೆಯುತ್ತಿತ್ತು. ನೂರು ವರ್ಷಕ್ಕೊಮ್ಮೆ ಆಗಬೇಕಾದ ಪೂಜೆ. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ದೇವಸ್ಥಾನವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಪಕ್ಕದಲ್ಲಿ ಹರಿಯಿತು. ಪೂಜೆಯನ್ನು ಮತ್ತೆ 1979ರಲ್ಲಿ ಮಾಡಿ ಮುಗಿಸಿದರು. ಅದೇ ಬೂದಿ ಬಾಲಿಯ ಗದ್ದೆಗಳ ಗೊಬ್ಬರ. ಬಾಲಿಯ ರೈತನಿಗೆ ಪರ್ವತ ಫೋಟೋದ ಹಿನ್ನೆಲೆಯಲ್ಲ. ಅನ್ನ ಕೊಡುವುದೂ ಅದೇ, ಊರು ಸುಡುವುದೂ ಅದೇ.

ಸಂಜೆ ಸಾನೂರಿನ ತೀರದಲ್ಲಿ ನಡೆಯುತ್ತ ಹೋದಾಗ ಆ ಕಡೆಯ ತುದಿಯಲ್ಲಿ ಒಂದು ಎತ್ತರದ ಕಟ್ಟಡ ಕಂಡಿತು. ಸುತ್ತ ಕಾಮಗಾರಿ ನಡೆದಿತ್ತು. ಹತ್ತು ಅಂತಸ್ತಿನ ಬಾಲಿ ಬೀಚ್ ಹೋಟೆಲ್. ಎರಡನೆಯ ಮಹಾಯುದ್ಧದ ಪರಿಹಾರವಾಗಿ ಜಪಾನ್ ಕೊಟ್ಟ ಹಣದಲ್ಲಿ, ಸುಕರ್ಣೋ ಆಸೆಪಟ್ಟು ಕಟ್ಟಿಸಿ, 1966ರಲ್ಲಿ ತೆರೆದದ್ದು. ಅದರ ಎತ್ತರ ನೋಡಿ ಜನ ಅಸಮಾಧಾನಗೊಂಡ ಮೇಲೆಯೇ, ಬಾಲಿಯಲ್ಲಿ ಕಟ್ಟಡಗಳು ತೆಂಗಿನ ಮರಕ್ಕಿಂತ ಎತ್ತರವಾಗಬಾರದು, ಅಂದರೆ 15 ಮೀಟರ್ ಮೀರಬಾರದು ಎಂಬ ನಿಯಮ ಬಂತು. ಪ್ರವಾಸಿ ಕೈಪಿಡಿಗಳು ಈ ಕಥೆಯನ್ನು ಖುಷಿಯಿಂದ ಹೇಳುತ್ತವೆ. ಅವು ಹೇಳದ್ದು ಇನ್ನೊಂದಿದೆ. ಆ ಕಟ್ಟಡ ಮೇಲೇಳುತ್ತಿದ್ದ 1965ರ ಕೊನೆ ಮತ್ತು 1966ರ ಮೊದಲ ತಿಂಗಳುಗಳಲ್ಲಿ, ಕಮ್ಯುನಿಸ್ಟರೆಂಬ ಆರೋಪದ ಮೇಲೆ ಬಾಲಿಯಲ್ಲಿ ಸುಮಾರು 80,000 ಜನರನ್ನು ಕೊಂದರು ಎಂಬುದು ಇತಿಹಾಸಕಾರರ ಅಂದಾಜು. ದ್ವೀಪದ ಜನಸಂಖ್ಯೆಯ ನೂರಕ್ಕೆ ಸುಮಾರು ಐದು. ಈ ಸಲ ಕೊಂದವರು ಹೊರಗಿನವರಲ್ಲ. ಸೈನ್ಯದ ಬೆಂಬಲದಿಂದ ಊರಿನವರೇ ಊರಿನವರನ್ನು ಕೊಂದರು.

ಇದರ ಬಗ್ಗೆ ಕಾರಿನಲ್ಲಿ ಬ್ಲಿಯವರನ್ನು ಕೇಳಿದೆ. ಕೇಳಬಾರದಿತ್ತೇನೋ. 1906ರ ಬಗ್ಗೆ ಎದೆಯುಬ್ಬಿಸಿ ಮಾತಾಡಿದ್ದವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ರೇಡಿಯೋದ ಸದ್ದು ಏರಿಸಿದರು. ಸ್ಮಾರಕವಿರುವ ಸಾವು ಬೇರೆ, ಸ್ಮಾರಕವಿಲ್ಲದ ಸಾವು ಬೇರೆ ಎಂದು ನನಗೆ ಅಲ್ಲಿ ಅರ್ಥವಾಯಿತು. ಇಷ್ಟೂ ದಿನ ನಾನು ಪಾಠ ಮಾಡಿದ್ದು ಬಹುಪಾಲು ಮೊದಲನೆಯದರ ಇತಿಹಾಸ.

ನ್ಯೆಪಿಯ ಹಿಂದಿನ ಸಂಜೆ ಬೀದಿಗಳಲ್ಲಿ ಓಗೋ-ಓಗೋ ಎಂಬ ದೈತ್ಯ ರಾಕ್ಷಸ ಬೊಂಬೆಗಳ ಮೆರವಣಿಗೆ. ಯುವಕರು ಹೆಗಲ ಮೇಲೆ ಹೊತ್ತು ಕುಣಿಸಿದರು. ಮಧ್ಯರಾತ್ರಿಯ ಹೊತ್ತಿಗೆ ಎಲ್ಲ ಸ್ತಬ್ಧ. ಬೆಳಿಗ್ಗೆ ಎದ್ದರೆ ಒಂದೇ ಒಂದು ಗಾಡಿಯ ಸದ್ದಿಲ್ಲ. ಗೇಟಿನಾಚೆ ಚೌಕುಳಿ ಪಂಚೆ ಉಟ್ಟ ಪೆಚಲಂಗ್‌ಗಳು, ಅಂದರೆ ಊರ ಕಾವಲಿನವರು, ಖಾಲಿ ರಸ್ತೆಯಲ್ಲಿ ನಡೆಯುತ್ತಿದ್ದರು. ಅಮ್ಮ ಸ್ನಾನ ಮಾಡಿ, ದೀಪ ಹಚ್ಚಲು ಕೈ ಹಾಕಿ, ನೆನಪಾಗಿ ಬಿಟ್ಟಳು. "ಇವರ ಮನೆಯಲ್ಲಿ ಇದ್ದೀವಿ, ಇವರ ಮಾತು ಕೇಳಬೇಕು" ಎಂದಳು. ಬೇವುಬೆಲ್ಲಕ್ಕೆ ಒಲೆ ಬೇಕಿಲ್ಲ. ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಬಿತ್ತು.

ರಾತ್ರಿ ಪರದೆ ಎಳೆದ ಕೋಣೆಯಲ್ಲಿ ಕತ್ತಲೆಯಲ್ಲೇ ಕೂತಿದ್ದೆವು. ಈ ಐದು ದಿನ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದ ಮಗಳು ಕೇಳಿದಳು: "ಹಾಗಾದ್ರೆ ಅಪ್ಪಾ, ನಾವು ಇಲ್ಲಿಗೆ ಬರಲೇಬಾರದಿತ್ತಾ?"

ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ, ಹೆದರುತ್ತಲೂ ಇದ್ದೆ. ಬರಬಾರದಿತ್ತು ಎನ್ನುವುದು ಸುಲಭ, ಟಿಕೆಟಿನ ದುಡ್ಡು ಕೊಟ್ಟಾದ ಮೇಲೆ ಇನ್ನೂ ಸುಲಭ. ಕೊರೋನಾ ಕಾಲದಲ್ಲಿ ಪ್ರವಾಸಿಗಳು ಬಾರದೆ, ಕೆಲಸ ಕಳೆದುಕೊಂಡು, ಹೆಂಡತಿಯ ಊರಿಗೆ ಹೋಗಿ ಗದ್ದೆ ಕೆಲಸ ಮಾಡಿದ್ದನ್ನು ಬ್ಲಿ ಹೇಳಿದ್ದರು. ಅವರ ಮುಂದೆ ನಿಂತು ನಾವು ಬರಬಾರದಿತ್ತು ಎನ್ನುವ ಧೈರ್ಯ ನನಗಿಲ್ಲ. ಬಾಲಿಯವರೂ ಬರೀ ನೋಡಿಸಿಕೊಂಡು ಕೂತವರಲ್ಲ. 1971ರಲ್ಲೇ ಅಲ್ಲಿನ ವಿದ್ವಾಂಸರೂ ಪುರೋಹಿತರೂ ಅಧಿಕಾರಿಗಳೂ ಸಭೆ ಸೇರಿ, ಯಾವ ನೃತ್ಯ ದೇವರಿಗೆ, ಯಾವುದು ಪ್ರವಾಸಿಗೆ ಎಂದು ವಿಂಗಡಿಸಿದ್ದರು. ಮಾರಬಹುದಾದದ್ದಕ್ಕೂ ಮಾರಬಾರದ್ದಕ್ಕೂ ನಡುವೆ ಗೆರೆ ಎಳೆಯಲು ಹೆಣಗಿದವರು ಅವರು. ಆ ಗೆರೆ ಎಷ್ಟು ಸಲ ಅಳಿಸಿಹೋಗಿದೆ ಎಂಬುದು ಬೇರೆ ಮಾತು. ಸಾನೂರಿನಿಂದ ಪಶ್ಚಿಮಕ್ಕೆ ಹೋದರೆ ಗದ್ದೆಗಳು ವಿಲ್ಲಾಗಳಾಗುವುದನ್ನು ಯಾರೂ ನೋಡಬಹುದು.

"ಬರಬಾರದಿತ್ತು ಅಂತಲ್ಲ ಪುಟ್ಟೀ" ಎಂದೆ. "ನಾವು ಮೊದಲು ಬಂದವರಲ್ಲ ಅನ್ನೋದು ಗೊತ್ತಿರಬೇಕು. ಈ ತೀರದಲ್ಲಿ ಇಳಿದವರಲ್ಲಿ ಯಾರು ಏನು ಮಾಡಿ ಹೋದರು ಅಂತ ಇವರಿಗೆ ನೆನಪಿದೆ. ನಮಗೂ ಇರಬೇಕು."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಏರ್‌ಪೋರ್ಟ್‌ಗೆ ಙುರಾ ರಾಯ್ ಅಂತ ಹೆಸರಿದೆಯಲ್ಲ, ಅವರು ಯಾರು?" ಎಂದಳು. ಇ ಗುಸ್ತಿ ಙುರಾ ರಾಯ್ 1946ರ ನವೆಂಬರ್ 20ರಂದು ಮಾರ್ಗ ಎಂಬ ಹಳ್ಳಿಯಲ್ಲಿ, ಮರಳಿ ಬಂದ ಡಚ್ಚರ ವಿರುದ್ಧ ಹೋರಾಡುತ್ತ ತನ್ನ ತೊಂಬತ್ತೈದು ಸಂಗಡಿಗರ ಜೊತೆ ಸತ್ತವನು. ಅದನ್ನೂ ಬಾಲಿಯವರು ಪುಪುತಾನ್ ಎಂದೇ ಕರೆಯುತ್ತಾರೆ. ರಜೆಗೆಂದು ವಿಮಾನದಲ್ಲಿ ಬರುವ ಪ್ರತಿಯೊಬ್ಬನೂ ಬಾಲಿಗೆ ಕಾಲಿಡುವುದು ಒಬ್ಬ ಪುಪುತಾನ್ ವೀರನ ಹೆಸರಿನ ನಿಲ್ದಾಣದಲ್ಲಿ. ಆ ಹೊತ್ತು, ಆ ನಿಲ್ದಾಣದ ದೀಪಗಳೂ ಆರಿದ್ದವು. ಇಡೀ ವರ್ಷ ಅತಿಥಿಗಳಿಂದ ಬದುಕುವ ದ್ವೀಪ, ಒಂದು ದಿನ ಮಾತ್ರ ಅತಿಥಿಗೂ ಬಾಗಿಲು ಹಾಕಿಕೊಳ್ಳುತ್ತದೆ. ಎಷ್ಟು ದುಡ್ಡು ಕೊಟ್ಟರೂ ತೆರೆಯುವುದಿಲ್ಲ. 7,500 ಗಿಲ್ಡರ್ ಕಟ್ಟದ ರಾಜನ ನೆನಪು ನನಗೆ ಬಂದದ್ದು ಆಗ. ಪರದೆಯನ್ನು ಒಂದಿಷ್ಟು ಸರಿಸಿ ನಾವಿಬ್ಬರೂ ಹೊರಗೆ ನೋಡಿದೆವು. ಅಷ್ಟು ನಕ್ಷತ್ರಗಳನ್ನು ನಾನು ಹುಡುಗನಾಗಿದ್ದಾಗ ಊರಿನ ಕಣದಲ್ಲಿ ಮಲಗಿ ನೋಡಿದ್ದೆ, ಆಮೇಲೆ ನೋಡಿರಲಿಲ್ಲ.

ನಾವು ಮರಳಿದ ನಾಲ್ಕು ತಿಂಗಳಿಗೆ, ಜುಲೈ 2023ರಲ್ಲಿ, ವಸಾಹತು ಕಾಲದಲ್ಲಿ ಕೊಂಡೊಯ್ದ ನೂರಾರು ವಸ್ತುಗಳನ್ನು ಇಂಡೋನೇಷ್ಯಾ ಮತ್ತು ಶ್ರೀಲಂಕಾಕ್ಕೆ ಹಿಂದಿರುಗಿಸುವುದಾಗಿ ನೆದರ್ಲೆಂಡ್ಸ್ ಪ್ರಕಟಿಸಿತು. ಪಟ್ಟಿಯಲ್ಲಿ ಕ್ಲುಂಗ್ಕುಂಗ್‌ನ ಒಂದು ಕ್ರಿಸ್ ಕೂಡ ಇತ್ತು. ಆ ಸುದ್ದಿಯನ್ನು ನನಗೆ ಕಳಿಸಿದವಳು ಮಗಳು.

ಸಾನೂರಿನ ಕೊನೆಯ ಬೆಳಗಿನದು ಒಂದು ಸಂಗತಿ ಉಳಿದಿದೆ. 23ರ ಬೆಳಿಗ್ಗೆ ಆರಕ್ಕೆ ಗೇಟು ತೆರೆಯಿತು. ಈಶಾನ್ಯದಲ್ಲಿ ಅಗುಂಗ್ ಪರ್ವತ ಫೋಟೋದಲ್ಲಿ ಇದ್ದ ಹಾಗೆಯೇ ನಿಂತಿತ್ತು. ಅಮ್ಮ ಡಬ್ಬಿ ಹಿಡಿದು ಗೇಟಿನ ಹತ್ತಿರ ಹೋಗಿ, ರಾತ್ರಿಯೆಲ್ಲ ಕಾವಲಿದ್ದ ಮುದುಕರ ಅಂಗೈಗೆ ಬೇವುಬೆಲ್ಲ ಹಾಕಿದಳು. ಅವರು ಬಾಯಿಗೆ ಹಾಕಿಕೊಂಡರು, ಮುಖ ಕಿವುಚಿದರು, ನಕ್ಕರು. ಆಮೇಲೆ ಡಬ್ಬಿಯೊಳಗಿನ ಹೂವು ನೋಡಿ, "ಇಂತಾರಾನ್" ಎಂದರು. ಅಮ್ಮನಿಗೆ ತಿಳಿಯಲಿಲ್ಲ. ಬೇವಿಗೆ ಬಾಲಿ ಭಾಷೆಯಲ್ಲಿ ಇಂತಾರಾನ್ ಎನ್ನುತ್ತಾರೆ. 1906ರಲ್ಲಿ ಸೈನ್ಯವನ್ನು ತಡೆಯಲು ನೋಡಿದ ಹಳ್ಳಿಯ ಹೆಸರೂ ಅದೇ. ಮುದುಕರು ತಮ್ಮ ಎದೆ ಮುಟ್ಟಿಕೊಂಡು, ರಸ್ತೆಯಾಚೆಯ ಮನೆಗಳತ್ತ ಕೈ ತೋರಿಸಿ, ಮತ್ತೆ ಅದೇ ಪದ ಹೇಳಿದರು. ತಮ್ಮ ಊರು ಎಂದು.

ಅಮ್ಮ ಇನ್ನೊಂದು ಚಿಟಿಕೆ ಕೊಟ್ಟಳು.